ಗುದ್ದಲಿಯ ಗುಮಾನಿ

ನಾನು ಒಂದು ಗುದ್ದಲಿ. ಹಳೆಯ ಲಾರಿಯ ಕಮಾನುಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ನನ್ನನ್ನು ಮಾಡಿದರು. ಮೈ ಕೆಂಪಗಿರುವಾಗಲೇ ಕಮ್ಮಾರ ನನ್ನನ್ನು ನೀರಿನಲ್ಲಿ ಮುಳುಗಿಸಿದ. ಆಗಷ್ಟೇ ಹುಟ್ಟಿದ ಕೂಸಿಗೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಅವನ ಮೇಲೆ ಅನುಮಾನಪಟ್ಟೆ. ನನ್ನ ಅಲಗು ಗಟ್ಟಿಯಾದದ್ದೇ ಆ ನೀರಿನಿಂದ ಎಂದು ತಿಳಿದದ್ದು ಆಮೇಲೆ. ಅನುಮಾನ ಮಾತ್ರ ಅಂದಿನಿಂದ ನನ್ನ ಮೈಗೆ ಅಂಟಿಕೊಂಡಿತು.

ನನ್ನನ್ನು ಚಿತ್ರದುರ್ಗದ ಕಡೆಯ ಒಂದು ಕಾವಲಿಗೆ ತಂದರು. ಕಾವಲು ಎಂದರೆ ದನಕುರಿ ಮೇಯುವ ದೊಡ್ಡ ಹುಲ್ಲುಬಯಲು. ಬಿಸಿಲು ವರ್ಷ ವರ್ಷಕ್ಕೆ ಏರುತ್ತಿದೆ, ಮಳೆ ಹೊತ್ತು ತಪ್ಪುತ್ತಿದೆ, ಮರ ಬೆಳೆಸಿದರೆ ತಂಪಾದೀತು ಎಂದು ಅಲ್ಲಿ ಸಸಿ ನೆಡಲು ಹೊರಟಿದ್ದರು. ನನ್ನನ್ನು ಹಿಡಿದವಳು ಕೂಲಿಗೆ ಬಂದ ಪಾಲಮ್ಮ. ಕಾವಲುಗಾರ ಓಬಳೇಶ ಪಕ್ಕದಲ್ಲೇ ನಿಂತಿದ್ದ.

“ಸಸಿ ಸುತ್ತ ಎರಡು ಮೊಳ ಹುಲ್ಲು ಇರಬಾರ್ದು ಕಣಕ್ಕ. ಅಂಗಳ ಗುಡಿಸಿದಂಗೆ ಕಾಣ್ಬೇಕು.”

ಹಂಚಿ, ಗರಿಕೆ, ಬಾದೆ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಹುಲ್ಲುಗಳನ್ನು ಕೆತ್ತಿ ಎಸೆದೆ. ಸಸಿಯ ನೀರನ್ನು ಕದಿಯುವ ಕಳ್ಳರು ಇವರೇ ಎಂದು ನಂಬಿದ್ದೆ. ಕಾವಲಿನ ಗೇಟಿನ ಬಳಿಯ ಕೊನೆಯ ಸಾಲಿಗೆ ಬರುವಾಗ ಪಾಲಮ್ಮನ ಅಂಗೈ ಬೊಬ್ಬೆ ಒಡೆಯಿತು. ಅಲ್ಲಿ ಗುಂಡಿ ತೋಡಿ ಸಸಿ ಇಟ್ಟಳಷ್ಟೆ, ಸುತ್ತಲಿನ ಹುಲ್ಲನ್ನು ಮುಟ್ಟಲಿಲ್ಲ. ಮೈಗಳ್ಳಿ ಎಂದುಕೊಂಡೆ.

ಎರಡು ಹದಮಳೆ ಬಂತು. ಆಮೇಲೆ ಎರಡು ತಿಂಗಳು ಮೋಡವೇ ಇಲ್ಲ. ಸಸಿಗಳು ಸಾಯತೊಡಗಿದವು. ಗೆದ್ದಲಿನ ಮೇಲೆ, ಮೊಲಗಳ ಮೇಲೆ, ನೀರು ತರುವ ಟ್ಯಾಂಕರಿನವನ ಮೇಲೆ ಕಣ್ಣಿಟ್ಟೆ. ಎಲ್ಲರಿಗಿಂತ ಹೆಚ್ಚು ಗುಮಾನಿ ಇದ್ದದ್ದು ಕುರಿ ಕಾಯುವ ಕ್ಯಾತಮ್ಮನ ಮೇಲೆ. ಓಬಳೇಶನಿಗೂ ಅದೇ ಗುಮಾನಿ.

“ನಾನು ಊಟಕ್ಕೆ ಹೋದಾಗ ಸಸಿ ಮೇಲೆ ಕುರಿ ಬಿಡ್ತೀಯಲ್ವಾ?”

“ನೀನು ಊಟಕ್ಕೆ ಹೋದ್ರೆ ಬಿಸಿಲು ಇಳಿಯೋ ತನಕ ಬರಲ್ಲ. ಅಷ್ಟೊತ್ತು ಬಿಟ್ಟಿದ್ರೆ ನಿನ್ನ ಗೇಟೂ ಉಳೀತಿರ್ಲಿಲ್ಲ ಕಣಪ್ಪ!”

“ನಗು ನಗು. ನಾಳೆ ಸಸಿ ನೆಡಿಸಿದ ಸಾಹೇಬ್ರು ಬರ್ತಾರೆ. ಕುರಿ ತಿಂದದ್ದೇ ಅಂತ ಬರಕೊಂಡ್ರೆ ಗೇಟಿಗೆ ಬೀಗ.”

ಕ್ಯಾತಮ್ಮನ ನಗು ನಿಂತಿತು. ಅವಳಿಗೆ ಬೇರೆ ಮೇವಿನ ಜಾಗವಿರಲಿಲ್ಲ. ಬೀಗ ಬಿದ್ದರೆ ಹಿಂಡನ್ನೇ ಮಾರಬೇಕಿತ್ತು.

ಮರುದಿನ ಸಾಹೇಬರ ಮುಂದೆ ಅವಳು ಒಂದು ಸತ್ತ ಸಸಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತಳು.

“ನೋಡಿ ಸ್ವಾಮಿ, ಎಲೆ ಒಣಗಿ ಕಡ್ಡೀಲೇ ಐತೆ. ಕುರಿ ಬಾಯಿ ಹಾಕಿದ್ರೆ ಎಲೆ ಬಿಡ್ತಿತ್ತಾ? ನನ್ನ ಕುರಿ ಅಷ್ಟು ಮರ್ಯಾದಸ್ತವಲ್ಲ.”

ಸಾಹೇಬರು ನೆಲ ಅಗೆಯಲು ಹೇಳಿದರು. ಓಬಳೇಶ ನನ್ನನ್ನು ಬೀಸಿದ. ಬೋಳು ನೆಲ ಹೆಂಚಿನಂತೆ ಕಾದು ಗಟ್ಟಿಯಾಗಿತ್ತು. ನಾನು ಠಣ್ಣೆಂದು ಹಿಂದಕ್ಕೆ ಚಿಮ್ಮಿದೆ. ಕ್ಯಾತಮ್ಮ ಎಲ್ಲರನ್ನೂ ಗೇಟಿನ ಬಳಿಯ ಸಾಲಿಗೆ ಕರೆದೊಯ್ದಳು. ಅಲ್ಲಿ ಹುಲ್ಲಿನ ನಡುವೆ ಸಸಿಗಳು ಹಸಿರಾಗಿದ್ದವು. ಓಬಳೇಶ ಅಲ್ಲೂ ಬೀಸಿದಾಗ ನಾನು ಮೆತ್ತಗೆ ಒಳಗಿಳಿದೆ. ತಣ್ಣನೆಯ ಮಣ್ಣು ಅಲಗಿಗೆ ಮೆತ್ತಿಕೊಂಡಿತು. ಕ್ಯಾತಮ್ಮ ಹುಲ್ಲನ್ನು ಸರಿಸಿ ತೋರಿಸಿದಳು.

“ಹುಲ್ಲು ನೆಲಕ್ಕೆ ನೆರಳು ಹಿಡಿದೈತೆ. ಒಂದು ಹುಲ್ಲು ಮಳೆ ಬಿದ್ದ ಕೂಡ್ಲೆ ಏಳುತ್ತೆ, ಇನ್ನೊಂದು ಆಳಕ್ಕೆ ಬೇರು ಬಿಟ್ಟು ಬಿಸಿಲು ತಡೆಯುತ್ತೆ. ಎಂಥ ವರ್ಷ ಬಂದ್ರೂ ಯಾವ್ದೋ ಒಂದು ನಿಂತಿರುತ್ತೆ. ನೀವು ಎಲ್ಲಾನೂ ಕೆತ್ತಿಸಿ ಒಂದೇ ಜಾತಿ ಸಸಿ ನೆಟ್ರಿ.”

“ಈ ಸಾಲಲ್ಲಿ ಯಾಕೆ ಕೆತ್ತಿಲ್ಲ?” ಸಾಹೇಬರು ಕೇಳಿದರು.

“ಪಾಲಮ್ಮನ ಕೈಗೆ ಬೊಬ್ಬೆ ಬಂದಿತ್ತು ಸಾರ್,” ಎಂದು ಓಬಳೇಶ ಮೆಲ್ಲಗೆ ಹೇಳಿ ನನ್ನ ಕಡೆ ನೋಡಿದ. ಸಾಹೇಬರೂ ನೋಡಿದರು. ಊರನ್ನೆಲ್ಲ ಶಂಕಿಸಿದ್ದ ನನಗೆ ಅಡಗಲು ಒಂದು ಗುಂಡಿಯೂ ಸಿಗಲಿಲ್ಲ. ನೆಲದ ನೀರನ್ನು ಬಿಸಿಲಿಗೆ ಒಪ್ಪಿಸಿದ ಕಳ್ಳ ನಾನೇ.

ಗೇಟಿಗೆ ಬೀಗ ಬೀಳಲಿಲ್ಲ. ಬೋಳು ನೆಲದಲ್ಲಿ ಮತ್ತೆ ಸಸಿ ನೆಡದೆ ಹುಲ್ಲಿಗೇ ಬಿಟ್ಟರು. ಹಂಚಿ ಹುಲ್ಲು ಮರಳಲು ಮೂರು ಮಳೆಗಾಲ ಬೇಕಾಯಿತು. ಬಾದೆ ಇನ್ನೂ ಬಂದಿಲ್ಲ.

ಈಗ ನನ್ನ ಮರದ ಕಾವು ಮುರಿದಿದೆ, ಅಲಗು ಸವೆದಿದೆ. ಗಾಳಿಗೆ ಗೇಟು ಮುಚ್ಚಿಕೊಳ್ಳದಿರಲೆಂದು ಕ್ಯಾತಮ್ಮ ಅದರ ಬುಡಕ್ಕೆ ನನ್ನನ್ನು ಒತ್ತುಕೊಟ್ಟಿದ್ದಾಳೆ. ದಿನವೂ ಬೆಳಗ್ಗೆ ಕುರಿಗಳು ನನ್ನನ್ನು ದಾಟಿ ಒಳಗೆ ಹೋಗುತ್ತವೆ. ಹಳೆಯ ಚಾಳಿ; ಒಂದೊಂದರ ಬಾಯನ್ನೂ ಗುಮಾನಿಯಿಂದ ನೋಡುತ್ತೇನೆ. ಆಮೇಲೆ ನನ್ನ ಅಲಗಿಗೆ ಒರಗಿ ಎದ್ದಿರುವ ಗರಿಕೆ ಕಾಣುತ್ತದೆ. ಅದಕ್ಕೆ ನನ್ನ ಮೇಲೆ ಒಂದಿಷ್ಟೂ ಅನುಮಾನವಿಲ್ಲ.