ಅಂಗೈಯ ಕೆಂಪು

ನೊರೀನ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಮತ್ತೊಂದು ಚೆಂಡು ಹಿಡಿದಳು, ವಾಪಸ್ ಎಸೆದಳು. ಟ್ರ್ಯಾಕ್ಟರ್ ಶೆಡ್ಡಿನ ಆ ತುದಿಯಲ್ಲಿ ಅವಳ ಗಂಡ ಹಾರ್ಲನ್ ಮುಂದಿನ ಎಸೆತಕ್ಕೆ ಕಾಲಿನಿಂದ ಮಣ್ಣು ಕೆದರುತ್ತಿದ್ದ. ಅವಳ ಬೆನ್ನ ಹಿಂದೆ ತೆರೆದ ಬಾಗಿಲಿನಾಚೆ ನೆಬ್ರಾಸ್ಕಾದ ಹಿಮ. ಆ ಬೆಳಕಿನಲ್ಲಿ ಚೆಂಡು ಬರುತ್ತಿದೆಯೋ ತೇಲುತ್ತಿದೆಯೋ ತಿಳಿಯುತ್ತಿರಲಿಲ್ಲ.

ಪ್ರತಿ ಚಳಿಗಾಲವೂ ಹೀಗೇ. ಬೇಸ್‌ಬಾಲ್ ಟೀಮುಗಳು ಹಾರ್ಲನ್‌ನನ್ನು ಆಟದ ಕೊನೆಗೆ, ಮೊದಲ ಎಸೆತಗಾರ ದಣಿದ ಮೇಲೆ ಕರೆಯುತ್ತಿದ್ದವು. ಅಲ್ಲಿಯವರೆಗೆ ಅವನು ಮೈದಾನದಂಚಿನ ಬೆಂಚಿನಲ್ಲಿ ಸೂರ್ಯಕಾಂತಿ ಬೀಜ ಅಗಿಯುತ್ತ, ಅವನನ್ನು ಆಟಕ್ಕೆ ಕರೆಯುವ ಫೋನಿನ ಗಂಟೆಗೆ ಕಾಯಬೇಕು. ಒಂದು ಬೇಸಿಗೆ ಇಟ್ಟುಕೊಂಡವರು ಮುಂದಿನ ಬೇಸಿಗೆಗೆ ಬಿಟ್ಟುಬಿಡುವರು. ಅವನ ಜೊತೆ ನೊರೀನ್ ಕೂಡ ಊರಿಂದೂರಿಗೆ. ಆ ಬಾಡಿಗೆ ಮನೆಗಳೆಲ್ಲ ಈಗ ಅವಳ ನಿದ್ದೆಯಲ್ಲಿ ಒಂದೇ ಮನೆಯಾಗಿದ್ದವು. ಟೊಲೀಡೋದ ಅಡುಗೆಮನೆಯ ಬಾಗಿಲು ತೆರೆದರೆ ಎಲ್ ಪಾಸೋದ ಹಿತ್ತಲು. ಒಣಗಿದ ಬಟ್ಟೆ ಸರಿಸಿದರೆ ದೂರದಲ್ಲಿ ಮೈದಾನದ ದೀಪಗಳು. ಎಲ್ಲೋ ಫೋನು ಹೊಡೆದುಕೊಳ್ಳುತ್ತಿರುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

"ಏನೇ, ನಿದ್ದೆ ಬಂತಾ?" ಹಾರ್ಲನ್ ಕೂಗಿದ.

"ನೀನು ಎಸೆಯೋದು ನೋಡಿದ್ರೆ ಯಾರಿಗೆ ಬರಲ್ಲ!"

"ಓಹೋ! ಹಾಗಾದ್ರೆ ಇದನ್ನ ತಗೋ. ಕೈ ಕಿತ್ಕೊಂಡು ಹೋಗತ್ತೆ ನೋಡು."

ಚೆಂಡು ಬಂದು ಗ್ಲೌಸಿನಲ್ಲಿ ಕೂತಿತು. ನೊರೀನ್ ಸುಮ್ಮನೆ ಹಿಂದಿರುಗಿ ಬಾಗಿಲಿನತ್ತ ನೋಡಿದಳು. ಅಂಗಳದಾಚೆ ಅಡುಗೆಮನೆಯ ಕಿಟಕಿಯಲ್ಲಿ ಏನೋ ಹಳದಿಯಾಗಿ ಕಂಡಿತು. ಗ್ಲೌಸಿನೊಳಗೆ ಅಂಗೈಗೆ ಇಟ್ಟುಕೊಳ್ಳುವ ಸ್ಪಂಜು. ತೊಳೆದು ಒಣಗಲಿಟ್ಟವಳು ಮರೆತೇ ಬಂದಿದ್ದಳು. ಹೋದ ವರ್ಷ ಸ್ಪಂಜಿದ್ದೂ ಅವಳಿಗೆ ಆ ಕೈಯಲ್ಲಿ ಬಾಣಲೆ ಹಿಡಿಯಲು ಆಗುತ್ತಿರಲಿಲ್ಲ. ಈಗ ಇಷ್ಟು ಹೊತ್ತು ಸ್ಪಂಜಿಲ್ಲದೆ ಹಿಡಿದಿದ್ದಾಳೆ, ನೋವೇ ಇಲ್ಲ.

ಎಸೆದು ಮುಗಿದ ಮೇಲೆ ಹಾರ್ಲನ್ ಅವಳ ಅಂಗೈ ನೋಡುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ವೇಗ ಅಳೆಯುವ ಯಂತ್ರಗಳ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ, ಆ ಕೈಯ ಕೆಂಪಿನ ಮೇಲಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತ ಹೇಳಿದ್ದ: "ಮಧ್ಯಾಹ್ನ ಅರಿಜೋನಾದ ಟೀಮ್ ಕ್ಯಾಂಪಿಂದ ಫೋನ್ ಬರತ್ತೆ. ನಿನ್ನ ಕೈ ಕೆಂಪಾಗಿದ್ರೆ ಹೂಂ ಅಂತೀನಿ. ಇಲ್ದಿದ್ರೆ ಮುಗೀತು, ನಿಮ್ಮಣ್ಣನ ಬೀಜದಂಗಡೀಲಿ ಚೀಲ ಹೊರ್ತೀನಿ."

"ನಮ್ಮಣ್ಣ ನಿನ್ನ ಸೇರಿಸ್ಕೊಂಡ್ರೆ ತಾನೇ!" ಎಂದು ಅವಳು ನಕ್ಕಿದ್ದಳು.

ಕೊನೆಯ ಚೆಂಡು ಅವನ ಕೈ ಜಾರಿತು. ನೊರೀನಳ ತಲೆಯ ಮೇಲಿಂದ ಹಾದು ಹೊರಗೆ ಉರುಳಿತು.

"ಕಪ್ಪೆ ಥರ ಹಾರಿದ್ರೆ ಸಿಕ್ತಿತ್ತು!"

"ನೀನೇ ಬಂದು ಹಾರು," ಎನ್ನುತ್ತ ಅವಳು ಹೊರಗೆ ನಡೆದಳು.

ಶೆಡ್ಡಿನ ಗೋಡೆಯ ಮರೆಯಲ್ಲಿ ಚೆಂಡು ಹಿಮದೊಳಗೆ ಅರ್ಧ ಹೂತಿತ್ತು. ಅವಳು ಗ್ಲೌಸು ಕಳಚಿದಳು. ಅಂಗೈ ನಾದಿದ ಹಿಟ್ಟಿನಷ್ಟು ಬೆಳ್ಳಗಿತ್ತು. ಇದನ್ನು ತೋರಿಸಿದರೆ ಸಾಕು, ಇನ್ನು ಪೆಟ್ಟಿಗೆ ಕಟ್ಟುವುದಿಲ್ಲ. ಆದರೆ ಅವಳಿಗೆ ಕಂಡದ್ದು ಅಣ್ಣನ ಅಂಗಡಿ. ಅಲ್ಲಿ ಫೋನು ಹೊಡೆದಾಗಲೆಲ್ಲ ಚೀಲ ಕೆಳಗಿಟ್ಟು ತಿರುಗಿ ನೋಡುವ ಹಾರ್ಲನ್. ಅವನ ಆಟ ಮುಗಿಯಿತು ಎನ್ನಬೇಕಾದವರು ಅವನೆದುರು ಬ್ಯಾಟು ಹಿಡಿದವರು. ಅವರೇ ಹೇಳಲಿ. ನನ್ನ ಕೈ ಯಾಕೆ ಹೇಳಬೇಕು?

ಅವಳು ಅಂಗೈಯನ್ನು ಹಿಮಕ್ಕೆ ಒತ್ತಿದಳು. ತಣ್ಣಗಿದ್ದದ್ದು ನಿಧಾನವಾಗಿ ಉರಿಯಾಗುವವರೆಗೂ ಒತ್ತಿದಳು. ಕೋಟಿಗೆ ಕೈ ಒರೆಸಿಕೊಂಡು, ಗ್ಲೌಸು ಹಾಕಿಕೊಂಡು ಒಳಬಂದಳು.

"ತೋರ್ಸು," ಎಂದ ಹಾರ್ಲನ್. ಅವಳು ತೋರಿಸಿದಳು. ಅವನು ಆ ಕೆಂಪನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದ. "ಇನ್ನೂ ಇದೆ ಕಣೇ!"

"ಉರೀತಿದೆ ಕಣೋ," ಎಂದಳು ನೊರೀನ್. ಉರಿಯುತ್ತಲೂ ಇತ್ತು.

ಮಧ್ಯಾಹ್ನ ಫೋನು ಬಂತು. "ಬರ್ತೀವಿ, ಇಬ್ರೂ ಬರ್ತೀವಿ," ಎಂದು ಅವನು ಗಟ್ಟಿಯಾಗಿ ಹೇಳುತ್ತಿದ್ದದ್ದು ಅಟ್ಟದವರೆಗೂ ಕೇಳಿಸಿತು. ನೊರೀನ್ ಅವನ ದೊಡ್ಡ ಪೆಟ್ಟಿಗೆ ಇಳಿಸುತ್ತಿದ್ದಳು. ಅದರೊಳಗೆ ಅವಳ ಚಿಕ್ಕ ಪೆಟ್ಟಿಗೆ ಇರುತ್ತಿತ್ತು. ಅಟ್ಟದ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಹಿಮದಡಿ ಅವಳು ನೆಟ್ಟ ಆಸ್ಪರಾಗಸ್ ತರಕಾರಿಯ ಬೇರು ಮಲಗಿತ್ತು. ಅದು ಮೊಳೆಯುವ ಕಾಲಕ್ಕೆ ಪ್ರತಿ ವರ್ಷವೂ ಅವಳು ಎಲ್ಲೋ ಇನ್ನೊಬ್ಬರ ಅಡುಗೆಮನೆಯಲ್ಲಿರುತ್ತಿದ್ದಳು. ಕೊಯ್ದು ತಿನ್ನುವವರು ನೆರೆಯವರು.

ಅವಳು ಚಿಕ್ಕ ಪೆಟ್ಟಿಗೆಯನ್ನು ಹೊರತೆಗೆದು, ಧೂಳು ಒರೆಸಿ, ಅಟ್ಟದ ಮೂಲೆಯಲ್ಲೇ ಇಟ್ಟಳು. ದೊಡ್ಡದನ್ನಷ್ಟೇ ಎತ್ತಿಕೊಂಡು ಮೆಟ್ಟಿಲಿಳಿದಳು.

"ಎರಡೂ ಸಿಕ್ತಾ?" ಹಾರ್ಲನ್ ಕೆಳಗಿಂದ ಕೇಳಿದ.

"ನಿನ್ನದನ್ನಷ್ಟೇ ತಂದಿದ್ದೀನಿ," ಎಂದಳು.