ರೇವವ್ವತ್ತೆ ಕಂಡ ಮದುವೆ

ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆಂದು ನೋಡುವವಳಲ್ಲ ನಾನು. ಎಪ್ಪತ್ತಾರನೇ ಇಸವಿಯ ಆ ಮುಂಜಾನೆಯಂತೂ ನಮ್ಮ ಆಯಿಯನ್ನೇ, ಅಂದರೆ ಅಪ್ಪನ ತಾಯಿ ರಾಮವ್ವನನ್ನೇ, ಎತ್ತಿ ನೆಲದೊಳಗಿನ ಜೋಳದ ಹಗೇವಿನಲ್ಲಿ ಇಳಿಸಿ ಬಾಯಿ ಮುಚ್ಚಿಬಿಡಲೇ ಅನ್ನಿಸಿತ್ತು.

ಕಂಡವರ ಕನಸಿಗೆ ಅರ್ಥ ಹೇಳುವುದೆಂದರೆ ಆಯಿಗೆ ಹೋಳಿಗೆ ಉಂಡಷ್ಟು ಖುಷಿ. ಬೆಳಗಾದರೆ ಸಾಕು, ಓಣಿಯ ಹೆಂಗಸರು ಅವಳ ಕಟ್ಟೆಗೆ ಬಂದು ಕೂಡುತ್ತಿದ್ದರು. ಅವಳ ಲೆಕ್ಕವೆಲ್ಲ ಉಲ್ಟಾ. ಕನಸಿನಲ್ಲಿ ಅತ್ತರೆ ನಗು, ಹೆಣ ಕಂಡರೆ ಆಯುಷ್ಯ ಗಟ್ಟಿ. ಪಕ್ಕದ ಮನೆಯ ಪೀರಬಿ ಒಮ್ಮೆ ಹೆಣದ ಕನಸು ಕಂಡು ಅಳುತ್ತ ಬಂದವಳು, ಅರ್ಥ ಕೇಳಿ ಆಯಿಯ ಕೈಗೆ ಬೆಲ್ಲ ಕೊಟ್ಟು ಹೋಗಿದ್ದಳು. ಆದರೆ ಮದುವೆ ಕಂಡರೆ ಮಾತ್ರ ಮುಗಿಯಿತು. ಮದುವೆ ಎಂದರೆ ಸಾವು.

ಅವತ್ತು ನನ್ನ ನಿಶ್ಚಯ. ನಾಲತವಾಡದ ಸೋಮನಿಂಗನ ಮನೆಯವರು ಬಸವನ ಬಾಗೇವಾಡಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಚಕ್ಕಡಿಯಲ್ಲಿ ನಮ್ಮೂರಿಗೆ ಬರುವವರಿದ್ದರು. ಹೆಣ್ಣು ನೋಡಲು ಬಂದಾಗ ಸೋಮನಿಂಗ ಚಹಾ ಕುಡಿದು, ಕಪ್ಪು-ಬಸಿ ತಾನೇ ತೊಳೆದಿಟ್ಟಿದ್ದ. ಅಯ್ಯ, ಅಂಥ ಗಂಡನ್ನು ಯಾರಾದರೂ ಬಿಡುತ್ತಾರೇನು? ಮಾಡಿಕೊಂಡರೆ ಅವನನ್ನೇ ಎಂದು ಅಪ್ಪನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದೆ.

ನಸುಕಿನಲ್ಲಿ ನನ್ನ ರೇವವ್ವತ್ತೆ ನಿದ್ದೆಯಲ್ಲೇ ಅರಿಶಿಣ ಹಚ್ಚುವ ಹಾಡು ಗುನುಗಿದಳಂತೆ. ಅತ್ತೆ ಅಪ್ಪನ ತಂಗಿ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಆಯಿ ಅವಳನ್ನು ಅಲುಗಿಸಿ ಎಬ್ಬಿಸಿದಳು.

“ಮದುವಿ ಕಂಡೇನ?”

“ಹೂಂ,” ಎಂದಳಂತೆ ಅತ್ತೆ. ಮುಂದೆ ತುಟಿ ಬಿಚ್ಚಲಿಲ್ಲ.

ಅಷ್ಟೇ ಸಾಕಾಯಿತು. ಆಯಿ ಅಂಗಳಕ್ಕೆ ಬಂದು ಅಪ್ಪನ ಎದುರು ನಿಂತಳು. “ಸಂಗಣ್ಣಾ, ನಿಶ್ಚಯ ನಿಲ್ಲಸು. ಶೇವಂತಿ ಮದುವಿ ಕನಸಿನಾಗ ಆಗಿಬಿಟ್ಟೈತಿ. ತಾಳಿ ಕಟ್ಟಿದ್ರ ಜೀವ ಉಳಿಯಂಗಿಲ್ಲ.”

“ಯಾರ ಜೀವ?” ನಾನು ಕಿರುಚಿದೆ.

“ನಿಂದರ ಆತು, ಅವಂದರ ಆತು.”

ಅಪ್ಪ ತಾಯಿಯ ಮಾತು ದಾಟಿದವನಲ್ಲ. ತಲೆಗೆ ಪಟಗಾ ಸುತ್ತಿಕೊಳ್ಳುತ್ತಿದ್ದವನು ಅರ್ಧಕ್ಕೇ ಬಿಟ್ಟು ಕೂತ. ಬಂದವರಿಗೆ ಉಣಿಸಿ ಕಳಿಸೋಣ ಅಂದ. ಕಳಿಸುವುದೇನು ಸುಲಭ! ಅವರು ಸಿಂದಗಿಯಲ್ಲಿ ಇನ್ನೊಂದು ಹೆಣ್ಣು ನೋಡಿಟ್ಟಿದ್ದರು. ಇಲ್ಲಿಂದ ಹಾಗೇ ಹೋದರೆ ನೆಟ್ಟಗೆ ಅಲ್ಲಿಗೇ ಹೋಗುವವರು.

ಅತ್ತೆಯನ್ನು ಹುಡುಕಿಕೊಂಡು ಓಡಿದೆ. ಕುರಿಹಟ್ಟಿಯಲ್ಲಿ ಮರಿಯೊಂದನ್ನು ತಬ್ಬಿಕೊಂಡು ಕೂತಿದ್ದಳು.

“ಅತ್ತಿ, ನಿನ್ನ ಕನಸಿಗೆ ಹೊತ್ತುಗೊತ್ತು ಇಲ್ಲೇನ? ಇವತ್ತೇ ಬೀಳಬೇಕಿತ್ತ?”

“ನಾ ಏನ್ ಕರದು ತರಿಸ್ಕೊಂಡೇನೇನ?”

“ಹೋಗ್ಲಿ, ನಾ ಹೆಂಗ ಕಾಣ್ತಿದ್ದೆ? ಸೋಮನಿಂಗ ಬಾಸಿಂಗ ಕಟ್ಟಿದ್ನ?” ಅಂಥ ಸಂಕಟದಲ್ಲೂ ಕೇಳುವ ಆಸೆ ನೋಡಿ ನನಗೆ!

ಅತ್ತೆಯ ಮುಖ ಕೆಂಪಾಯಿತು. “ನೀ ಇರಲಿಲ್ಲ ಬಿಡು,” ಎಂದಳು.

“ಇರಲಿಲ್ಲಾ? ಹಂಗಾರ ಯಾರ ಮದುವಿ?”

ಅಷ್ಟರಲ್ಲಿ ಬೀಗರು ಬಂದರು, ಬೀಗರು ಬಂದರು ಎಂದು ಓಣಿಯಲ್ಲಿ ಗದ್ದಲವೆದ್ದಿತು. ಅತ್ತೆಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿದೆ.

ಅಂಗಳದಲ್ಲಿ ಕಂಬಳಿ ಹಾಸಿ ಬೀಗರನ್ನು ಕೂರಿಸಿದ್ದರು. ಗೋಡೆಯ ನೆರಳಲ್ಲಿ ಹಲಸಂಗಿಯ ಅಮೋಘಸಿದ್ಧ ತನ್ನ ಪಾಡಿಗೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ನಮ್ಮ ಕುಲದವನೇ, ಹೆಂಡತಿ ಸತ್ತ ಮನುಷ್ಯ, ಉಣ್ಣೆ ತೆಗೆಯುವ ಹಂಗಾಮಿಗೆ ತಪ್ಪದೆ ಬರುತ್ತಿದ್ದ. ಸೋಮನಿಂಗ ನನ್ನತ್ತ ನೋಡಿ ನಕ್ಕ. ನನಗೆ ಅಳು ಬಂತು.

ಅಪ್ಪ ಗಂಟಲು ಸರಿಮಾಡಿಕೊಂಡ. “ಬೀಗರ, ಸಿಟ್ಟಾಗಬ್ಯಾಡ್ರಿ, ಒಂದು ಮಾತೈತ್ರಿ...”

“ಅಣ್ಣಾ, ತಡಿ.” ಅತ್ತೆ ಹಟ್ಟಿಯಿಂದ ಬಂದು ನಟ್ಟನಡುವೆ ನಿಂತಳು. “ಕನಸಿನಾಗ ಶೇವಂತಿ ಇರಲಿಲ್ಲ. ಮದುವಿ ನಂದಿತ್ತು.”

ಗಂಡ ಸತ್ತವಳು ಬೀಗರ ಎದುರಿಗೆ ನನ್ನ ಮದುವೆ ಎಂದು ಬಾಯಿಬಿಟ್ಟು ಹೇಳುವುದೆಂದರೇನು! ಸುಮ್ಮನಿದ್ದಿದ್ದರೆ ಅವಳ ಮಾನ ಉಳಿಯುತ್ತಿತ್ತು, ನನ್ನ ಸೋಮನಿಂಗ ಹೋಗುತ್ತಿದ್ದ.

ಆಯಿ ಎದೆ ಬಡಿದುಕೊಂಡಳು. “ನಿಂದಾ? ಹಂಗಾರ ಸಾವು ನಿನಗ ಬಂತಲ್ಲವ್ವ ನನ್ನ ಮಗಳ!”

“ಅವ ಹೋದ ದಿನಾನೇ ಸತ್ತೇನಿ, ಯವ್ವಾ. ಇನ್ನೆಷ್ಟು ಸಾಯ್ಲಿ?” ಅತ್ತೆ ಅಳಲಿಲ್ಲ. “ಇವತ್ತು ನಸಕಿನಾಗ ಒಂದೀಟು ಬದುಕಿದ್ದೆ. ನೀ ಎಬ್ಬಿಸಿದಿ.”

ಆಯಿ ನಿಂತಲ್ಲೇ ನೆಲಕ್ಕೆ ಕೂತಳು. ಊರಿನ ಕನಸಿಗೆಲ್ಲ ಅರ್ಥ ಹೇಳಿದವಳಿಗೆ ಮಗಳ ಕನಸಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು. “ಗಂಡು ಯಾರಿದ್ದ?”

ಅತ್ತೆ ತಲೆ ತಗ್ಗಿಸಿದವಳು, ಮೆಲ್ಲಗೆ ಗೋಡೆಯ ಕಡೆ ನೋಡಿದಳು. ಅಮೋಘಸಿದ್ಧನ ಕೈಯಿಂದ ಕತ್ತರಿ ಜಾರಿತು. ಅವನ ಮೊಣಕಾಲ ನಡುವಿದ್ದ ಕುರಿ ಅರ್ಧ ಉಣ್ಣೆ ಹೊತ್ತುಕೊಂಡೇ ಎದ್ದು ಬೀಗರ ನಡುವೆ ನುಗ್ಗಿತು. “ಹಿಡೀರಿ, ಹಿಡೀರಿ!” ಎಂದು ಎಲ್ಲರೂ ಎದ್ದರು. ಸೋಮನಿಂಗ ಹಾರಿ ಕುರಿಯ ಕಾಲು ಹಿಡಿದ. ಅಮೋಘಸಿದ್ಧ ಮಾತ್ರ ಕುರಿಯ ಕಡೆ ನೋಡಲೇ ಇಲ್ಲ, ಅತ್ತೆಯನ್ನೇ ನೋಡುತ್ತ ನಿಂತಿದ್ದ.

ಸೋಮನಿಂಗನ ತಾಯಿ ನಕ್ಕುಬಿಟ್ಟಳು. “ಉಡಿಕಿ ಮಾಡ್ರಲ್ಲ. ನಮ್ಮ ಮಂದ್ಯಾಗ ಇಲ್ಲದ್ದೇನ್ರಿ?”

ಹೌದು, ನಮ್ಮಲ್ಲಿ ಗಂಡ ಸತ್ತವಳನ್ನು ಮತ್ತೆ ಕೊಡುವುದುಂಟು, ಅದಕ್ಕೆ ಉಡಿಕಿ ಎನ್ನುತ್ತಾರೆ. ಆದರೆ ಅದು ಕದ್ದ ಹಾಗೆ ಮಾಡುವ ಕೆಲಸ. ಕತ್ತಲಲ್ಲಿ ಸೀರೆ ಉಡಿಸಿ ಕಳಿಸುತ್ತಾರೆ. ಹಾಡಿಲ್ಲ, ಸನಾದಿಯಿಲ್ಲ.

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ರೇವವ್ವಾ, ಕನಸಿನಾಗ ಸನಾದಿ ಊದಿದ್ರೇನ?”

“ಊದಿದ್ರು, ಯವ್ವಾ. ಹಗಲೊತ್ತಿನಾಗ.”

ಆಯಿ ನೆಲಕ್ಕೆ ಕೈಯೂರಿ ಎದ್ದಳು. “ಸಂಗಣ್ಣಾ, ಪಟಗಾ ಸುತ್ಕೋ. ಶೇವಂತಿ ನಿಶ್ಚಯ ಮುಗಿಸಿ ಸನಾದಿಯವರಿಗೆ ಹೇಳಿ ಬಾ. ಎರಡು ಮದುವಿ ಅಂತ ಹೇಳು. ಮೊದಲು ನನ್ನ ಮಗಳಿಗೆ ಊದಲಿ.”