ಎರಡನೇ ತಟ್ಟೆ

ಅಬುಧಾಬಿಯ ಒಂದು ಲ್ಯಾಬಿನಲ್ಲಿ ಮರಳುಗಾಡಿನ ಕೊಳಕುಮಂಡಲ ಜಾತಿಯ ಹಾವುಗಳ ವಿಷ ತೆಗೆಯುವುದು ನನ್ನ ಕೆಲಸ. ಪೆಟ್ಟಿಗೆ ತೆರೆಯುವ ಮೊದಲು ಕೈಮುಗಿಯುತ್ತೇನೆ. ತುಳುನಾಡಿನವನಿಗೆ ಯಾವ ಹಾವಾದರೂ ನಾಗನ ಪೈಕಿಯೇ, ನಗುವವರು ನಗಲಿ.

ನಾನಿರುವುದು ಹಮ್ದಾನ್ ಸ್ಟ್ರೀಟಿನ ಬೆಡ್‌ಸ್ಪೇಸಿನಲ್ಲಿ, ಅಂದರೆ ಹಲವರಿರುವ ಕೋಣೆಯ ಒಂದು ಬಾಡಿಗೆ ಮಂಚದಲ್ಲಿ. ಹೆಂಡತಿ ವಾರಿಜಾಕ್ಷಿ ದುಬೈಯ ಅಲ್ ಕುಸೈಸಿನಲ್ಲಿ, ಮಗಳು ಭವ್ಯಶ್ರೀಯ ಮನೆಯಲ್ಲಿ. ವಾರಿಜಳಿಗೆ ಸ್ತನದ ಕ್ಯಾನ್ಸರ್. ಎರಡು ಕೀಮೋ ಮುಗಿದು, ಮೂರನೆಯದು ಗುರುವಾರಕ್ಕಿತ್ತು.

ಅದರ ಹಿಂದಿನ ದಿನ ಲ್ಯಾಬಿನ ಸಂಶೋಧಕ, ನಮ್ಮ ಊರ ಕಡೆಯ ಫೈಝಲ್ ನನ್ನನ್ನು ಮೈಕ್ರೋಸ್ಕೋಪಿನ ಬಳಿ ಕರೆದ. ನಾನು ತೆಗೆದ ವಿಷದ ಒಂದಂಶ ಬಿದ್ದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಸುರುಟಿ ಸತ್ತಿದ್ದವು. ಅವನು ಇನ್ನೊಂದು ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ನಾನು ಹೊರಗೆ ಓಡಿ ಫೋನ್ ಹಚ್ಚಿದ್ದೆ.

“ವಾರಿಜ, ನಿನ್ನ ಕಾಯಿಲೆಯನ್ನು ನಮ್ಮ ಹಾವಿನ ವಿಷ ಕೊಲ್ತದೆ. ಕಣ್ಣಾರೆ ನೋಡಿದೆ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಬುದ್ಧಿ ನನ್ನದು. ಒಳಗೆ ಬಂದಾಗ ಫೈಝಲ್ ಎರಡನೇ ತಟ್ಟೆ ತೋರಿಸಿದ.

“ಇದು ಒಳ್ಳೆಯ ಕೋಶ, ಮೋಹನಣ್ಣ. ಇದೂ ಸತ್ತಿದೆ. ಮದ್ದಾಗ್ಲಿಕ್ಕೆ ಇನ್ನೆಷ್ಟು ವರ್ಷ ಬೇಕೋ. ಮನೆಯಲ್ಲಿ ಹೇಳ್ಬೇಡಿ ಆಯ್ತಾ.”

ತಲೆಯಾಡಿಸಿದೆ. ಅವಳಿಗೆ ತಿದ್ದಿ ಹೇಳಲು ಮನಸ್ಸು ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಫೋನಿನಲ್ಲಿ ನಕ್ಕಿದ್ದಳು.

ಶುಕ್ರವಾರ ಮಗಳ ಫೋನ್ ಬಂತು. “ಪಪ್ಪ, ಅಮ್ಮ ನಿನ್ನೆ ಕೀಮೋಗೆ ಹೋಗ್ಲೇ ಇಲ್ಲ. ನಾಗ ಕಣ್ಣು ಬಿಟ್ಟಿದ್ದಾನೆ, ಇನ್ನು ಅವನ ಮದ್ದೇ ಸಾಕು ಹೇಳ್ತಾರೆ. ನೀವು ಎಂತ ಹೇಳಿದ್ದು?”

ದುಬೈಗೆ ಸಿಕ್ಕಿದ ಬಸ್ಸು ಹತ್ತಿದೆ. ವಾರಿಜ ಬೋಳುತಲೆಗೆ ಬಟ್ಟೆ ಕಟ್ಟಿ ಕೂತಿದ್ದಳು. ದೇವರ ಫೋಟೋದ ಮುಂದೆ ನಾಗನಿಗೆಂದು ಎಳನೀರು, ಅರಸಿನ ಇಟ್ಟಿದ್ದಳು. ಎರಡನೇ ತಟ್ಟೆಯ ಸುದ್ದಿಯನ್ನು ಇದ್ದ ಹಾಗೆ ಹೇಳಿದೆ.

“ಹಾಗಾದ್ರೆ ನನಗೆ ಯಾಕೆ ಹೇಳಿದ್ರಿ?”

“ಸಂತೋಷ ಆದ್ರೆ ಹೇಳ್ಲಿಕ್ಕೆ ನನಗೆ ಅಲ್ಲಿ ಯಾರಿದ್ದಾರೆ?”

ಅವಳು ಎಳನೀರನ್ನು ತೆಗೆದು ಒಳಗಿಟ್ಟು ಬಂದಳು. “ಸೋಮವಾರ ಹೋಗ್ತೇನೆ. ನೀವು ಬರುವುದು ಬೇಡ. ಫೋನೂ ಮಾಡ್ಬೇಡಿ.”

ಸೋಮವಾರ ಮಧ್ಯಾಹ್ನ ಮಗಳ ಮೆಸೇಜ್: ‘ಅಮ್ಮ ಕೀಮೋ ತಗೊಂಡ್ರು.’ ಹೋದ ಜೀವ ಬಂದಂತಾಯಿತು. ಆದರೂ ಅಷ್ಟು ಒಂಟಿ ಎಂದು ನನಗೆ ಹಿಂದೆಂದೂ ಅನಿಸಿರಲಿಲ್ಲ.

ಲ್ಯಾಬಿನಲ್ಲಿ ಹಾವಿನ ಪೆಟ್ಟಿಗೆಯ ಮುಂದೆ ಕೈಮುಗಿದು ನಿಂತೆ. ಇಷ್ಟು ದಿನ ಅವಳಿಗೆ ಗುಣವಾಗಲಿ ಎಂದಷ್ಟೇ ಬೇಡುತ್ತಿದ್ದೆ. ಅಂದು, ಅವಳು ಒಮ್ಮೆ ಫೋನ್ ಮಾಡಲಿ ಎಂದೂ ಬೇಡಿದೆ.